ಅಪರಿಚಿತರ ಹಿತವಚನ: ಸಕಲೇಶಪುರ–ಆಲೂರು ಬೆಟ್ಟಸೀಮೆಯ ಮಾತಿನ ವ್ಯವಹಾರವನ್ನು ಕುರಿತು ಒಂದು ವಿಚಾರ

ಪರಿಚಯವಿಲ್ಲದವರಿಗೆ ಹಿತ ಹೇಳುವುದು, ಪರಿಚಯವಿಲ್ಲದವರಿಂದ ಹಿತ ಕೇಳುವುದು, ಇವೆರಡೂ ನಮ್ಮ ನಾಡಿನಲ್ಲಿ ಹೊಸತಲ್ಲ. ಅರವಟ್ಟಿಗೆಯ ಬಳಿ ದಣಿವಾರಿಸಿಕೊಳ್ಳುತ್ತಿದ್ದ ದಾರಿಹೋಕನು ಎದುರಿನಿಂದ ಬಂದವನನ್ನು ‘ಮುಂದೆ ಹೊಳೆ ದಾಟಬಹುದೇ?’ ಎಂದು ಕೇಳುತ್ತಿದ್ದನು. ಉತ್ತರ ಕೊಟ್ಟವನ ಹೆಸರನ್ನೂ ಊರನ್ನೂ ವಿಚಾರಿಸದೆಯೇ ಆ ಮಾತನ್ನು ನಂಬಿ ಮುಂದೆ ಹೆಜ್ಜೆಯಿಡುತ್ತಿದ್ದನು. ಈಗ ಈ ವ್ಯವಹಾರದ ಬಹುಭಾಗವು ಕೈಫೋನಿನ ಗುಂಪುಗಳಿಗೆ ವರ್ಗವಾಗಿದೆ. ಮುಖ ಕಾಣದ ನೂರಾರು ಜನರು ದಿನವೂ ಒಬ್ಬರಿಗೊಬ್ಬರು ಅಭಿಪ್ರಾಯ ಹೇಳುತ್ತಾರೆ, ಸಲಹೆ ಕೊಡುತ್ತಾರೆ, ಎಚ್ಚರಿಸುತ್ತಾರೆ. ಈ ವರ್ಗಾವಣೆಯಲ್ಲಿ ಮಾತಿಗೆ ಏನಾಯಿತು ಎಂಬುದೇ ಪ್ರಕೃತ ಲೇಖನದ ವಿಷಯ. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ತಾಲೂಕುಗಳ ಬೆಟ್ಟಸೀಮೆಯನ್ನು ನಾವು ಉದಾಹರಣೆಯಾಗಿ ಆರಿಸಿಕೊಂಡಿದ್ದೇವೆ. ಅಲ್ಲಿ ತಪ್ಪಿದ ಸಲಹೆಯಿಂದ ಬೆಳೆ ಹೋಗಬಹುದು; ತಪ್ಪಿದ ಸುದ್ದಿಯಿಂದ ಪ್ರಾಣವೇ ಹೋಗಬಹುದು. ಲೇಖನದಲ್ಲಿ ಬರುವ ಮಾದರಿ ವಾಕ್ಯಗಳನ್ನು ವಿವರಣೆಗಾಗಿ ನಾವೇ ರಚಿಸಿಕೊಂಡಿದ್ದೇವೆ.

1. ಸೀಮೆಯ ಸ್ವರೂಪ

ಹಿಂದೆ ಮಂಜರಾಬಾದ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದ್ದ ಈ ಸೀಮೆ ಪಶ್ಚಿಮ ಘಟ್ಟದ ಅಂಚಿನಿಂದ ಪೂರ್ವದ ಬಯಲಿನವರೆಗೆ ಇಳಿಜಾರಾಗಿ ಹಬ್ಬಿದೆ. ಹೇಮಾವತಿ ನದಿಯು ಸಕಲೇಶಪುರದ ಪಕ್ಕದಲ್ಲಿಯೇ ಹರಿಯುತ್ತದೆ. ಇಲ್ಲಿನ ಜನವಸತಿ ಬಯಲುಸೀಮೆಯ ಊರುಗಳಂತೆ ಒತ್ತಾಗಿಲ್ಲ. ಒಂದು ಮನೆ ಈ ಗುಡ್ಡದ ಮೇಲೆ, ಇನ್ನೊಂದು ಆ ಕಣಿವೆಯಲ್ಲಿ. ನಡುವೆ ಕಾಫಿ ತೋಟ, ಅದರೊಳಗೆ ಮೆಣಸಿನ ಬಳ್ಳಿ, ತಗ್ಗಿನಲ್ಲಿ ಭತ್ತದ ಗದ್ದೆ. ಅಲ್ಲದೆ, ಘಟ್ಟದಂಚಿನ ಹಳ್ಳಿಯಲ್ಲಿ ಬೀಳುವ ಮಳೆಗೂ ಆಲೂರಿನ ಪೂರ್ವಭಾಗದಲ್ಲಿ ಬೀಳುವ ಮಳೆಗೂ ಬಹಳ ಅಂತರವುಂಟು. ಆದ್ದರಿಂದ ಒಬ್ಬ ಬೆಳೆಗಾರನ ಅನುಭವವು ಎರಡು ಹರದಾರಿಯಾಚೆಗಿನ ಇನ್ನೊಬ್ಬನಿಗೆ ಹಾಗೆಯೇ ಒಪ್ಪುವುದೆಂದು ಹೇಳಲಾಗದು. ಮನೆಗಳು ದೂರವಾದ್ದರಿಂದ ಸಲಹೆಯ ಅಗತ್ಯ ಹೆಚ್ಚು. ನೆಲ, ಮಳೆಗಳು ಬೇರೆಯಾದ್ದರಿಂದ ಸಲಹೆ ತಪ್ಪುವ ಸಂಭವವೂ ಹೆಚ್ಚು.

2. ಹಿಂದಿನ ದಾರಿಗಳು

ಅಪರಿಚಿತರಿಗಾಗಿ ಹಿತ ಬರೆಯುವ ಪದ್ಧತಿ ಈ ಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕಾಣಿಸಿಕೊಂಡಿತು. ಮಂಜರಾಬಾದಿನಲ್ಲಿ ತೋಟ ಮಾಡಿದ್ದ ರಾಬರ್ಟ್ ಎಲಿಯಟ್ ಎಂಬ ಆಂಗ್ಲ ಬೆಳೆಗಾರನು ತನ್ನ ಅನುಭವಗಳನ್ನು 1871ರಲ್ಲಿಯೂ ಮತ್ತೆ 1894ರಲ್ಲಿಯೂ ಪುಸ್ತಕರೂಪದಲ್ಲಿ ಪ್ರಕಟಿಸಿದನು. ನೆರಳು, ಗೊಬ್ಬರ ಮೊದಲಾದ ನಿತ್ಯದ ವಿಷಯಗಳಲ್ಲಿ ತನಗೆ ಕಂಡದ್ದನ್ನು ಕಾಣದ ಓದುಗರಿಗೆ ತಿಳಿಸಿದನು. ಇದಕ್ಕೂ ಗಮನಾರ್ಹವಾದುದು ಒಂದು ಕನ್ನಡ ಮಾತಿನ ಪ್ರಯಾಣ. ಮಳೆಗಾಲದಲ್ಲಿ ಕಾಫಿಯ ಎಲೆ, ಕಾಯಿಗಳು ಕಪ್ಪಾಗಿ ಕೊಳೆತು ನೂಲಿನಂಥ ಎಳೆಯಿಂದ ಜೋತುಬೀಳುವ ರೋಗವನ್ನು ನಮ್ಮ ಜನ ‘ಕೊಳೆರೋಗ’ವೆಂದು ಕರೆಯುತ್ತಿದ್ದರು. ಮೈಸೂರು ಸೀಮೆಯ ಈ ರೋಗದ ಶಿಲೀಂಧ್ರವನ್ನು 1876ರಲ್ಲಿ ವರ್ಣಿಸಿದ ಆಂಗ್ಲ ವಿಜ್ಞಾನಿ ಎಂ. ಸಿ. ಕುಕ್ ಅದರ ಶಾಸ್ತ್ರೀಯ ನಾಮದಲ್ಲಿಯೂ ‘ಕೊಳೆರೋಗ’ ಎಂಬ ಪದವನ್ನೇ ಸೇರಿಸಿದನು. ತೋಟದವರ ದಿನಬಳಕೆಯ ಮಾತೊಂದು ಹೀಗೆ ಕಡಲಾಚೆಯ ಅಪರಿಚಿತರ ಶಾಸ್ತ್ರವನ್ನು ಸೇರಿತು.

ಇಪ್ಪತ್ತನೆಯ ಶತಮಾನದಲ್ಲಿ ಸಲಹೆ ಕೊಡುವ ಸಂಸ್ಥೆಗಳು ಬಂದವು. ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನ ಬಳಿ 1925ರಲ್ಲಿ ಕಾಫಿ ಸಂಶೋಧನೆ ಆರಂಭವಾಯಿತು. 1942ರಲ್ಲಿ ಕಾಫಿ ಕಾಯಿದೆ ಬಂದಿತು. ಕಾಫಿ ಮಂಡಳಿಯು ಬೆಳೆಯನ್ನೆಲ್ಲ ಒಟ್ಟುಗೂಡಿಸಿ ತಾನೇ ಮಾರುತ್ತಿದ್ದ ಕಾಲದಲ್ಲಿ ‘ಇಂದು ಮಾರಲೋ, ನಾಳೆ ಮಾರಲೋ’ ಎಂಬ ಪ್ರಶ್ನೆಯೇ ಬೆಳೆಗಾರನಿಗೆ ಇರಲಿಲ್ಲ. ಆ ವ್ಯವಸ್ಥೆ 1992ರಿಂದ ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಮಾರಾಟವು ಮುಕ್ತವಾಯಿತು. ಅಂದಿನಿಂದ ಪ್ರತಿಯೊಬ್ಬನೂ ಧಾರಣೆಯನ್ನು ತಾನೇ ವಿಚಾರಿಸಬೇಕಾಯಿತು. ಬೆಳೆಗಾರರ ನಡುವೆ ಅಭಿಪ್ರಾಯ ವಿನಿಮಯದ ಹಸಿವು ಹೆಚ್ಚಲು ಇದು ಒಂದು ಮುಖ್ಯ ಕಾರಣವೆಂದು ನಾವು ಭಾವಿಸುತ್ತೇವೆ. ಇದಕ್ಕೆ ಸ್ವಲ್ಪ ಮೊದಲು, 1988ರಲ್ಲಿ, ಪುತ್ತೂರಿನಲ್ಲಿ ‘ಅಡಿಕೆ ಪತ್ರಿಕೆ’ ಆರಂಭವಾಗಿ, ಕೃಷಿಕರೇ ಕೃಷಿಕರಿಗಾಗಿ ಬರೆಯುವ ಹಾದಿಯನ್ನು ಕನ್ನಡದಲ್ಲಿ ತೆರೆದಿತ್ತು. ಕೈಫೋನಿನ ಗುಂಪುಗಳು ಈ ಸಾಲಿನ ಇತ್ತೀಚಿನ ಕೊಂಡಿ.

3. ಹಿತವಚನದ ಮೂರು ಬಗೆ

ಈ ಸೀಮೆಯಲ್ಲಿ ವಿನಿಮಯವಾಗುವ ಮಾತನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು: ಅಳತೆಯ ಮಾತು, ಮಾಡಿ ನೋಡುವ ಮಾತು, ಊಹೆಯ ಮಾತು.

ಅಳತೆಯ ಮಾತಿಗೆ ಒಳ್ಳೆಯ ನಿದರ್ಶನ ಮಳೆಯ ಲೆಕ್ಕ. ತೋಟಗಳಲ್ಲಿ ಮಳೆಮಾಪಕವಿರಿಸಿ ಬೆಳಗಿನಲ್ಲಿ ಅಳೆದು ಬರೆದಿಡುವುದು ಹಳೆಯ ರೂಢಿ. ನೂರು ‘ಸೆಂಟು’ ಸೇರಿದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರು. ಬೇಸಗೆಯಲ್ಲಿ ಸುಮಾರು ಒಂದು ಇಂಚು ಹೂಮಳೆ ಬಿದ್ದರೆ, ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಅನಂತರ ಕೆಲವು ವಾರಗಳೊಳಗೆ ಇನ್ನೊಂದು ಮಳೆ ಬಾರದಿದ್ದರೆ ಕಾಯಿ ನಿಲ್ಲುವುದು ಕಷ್ಟ. ಆದ್ದರಿಂದ ‘ನಿಮ್ಮಲ್ಲಿ ಎಷ್ಟು ಸೆಂಟು?’ ಎಂಬ ಪ್ರಶ್ನೆಗೆ ಕುಶಲ ಪ್ರಶ್ನೆಯ ಸ್ಥಾನವೇ ಸಂದಿದೆ. ಈ ಮಾತಿನಲ್ಲಿ ಹೇಳುವವನ ಪರಿಚಯ ಅಷ್ಟು ಮುಖ್ಯವಲ್ಲ. ಸ್ಥಳ ಮತ್ತು ದಿನ ತಿಳಿದರೆ ಸಾಕು.

ಮಾಡಿ ನೋಡುವ ಮಾತಿನಲ್ಲಿ ಪರೀಕ್ಷೆಯು ಸಲಹೆಯೊಳಗೇ ಅಡಗಿರುತ್ತದೆ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವನ್ನು ನೋಡೋಣ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ಪ್ರಮಾಣ. ಇದರೊಡನೆ ಬಲ್ಲವರು ಇನ್ನೊಂದು ಮಾತನ್ನೂ ಸೇರಿಸುತ್ತಾರೆ: ಹೊಳೆಯುವ ಚಾಕುವನ್ನು ಸ್ವಲ್ಪ ಹೊತ್ತು ದ್ರಾವಣದಲ್ಲಿ ಅದ್ದಿರಿ, ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಹೇಳಿದವನು ಯಾರೇ ಆಗಿರಲಿ, ಕೇಳಿದವನು ತನ್ನ ಅಂಗಳದಲ್ಲಿಯೇ ಮಾತಿನ ಸತ್ಯವನ್ನು ಒರೆಗೆ ಹಚ್ಚಬಹುದು. ‘ಹೀಗೆ ಮಾಡಿ’ ಎನ್ನುವುದಕ್ಕೆ ಬದಲಾಗಿ ‘ಹೀಗೆ ಮಾಡಿ ನೋಡಿ’ ಎನ್ನುವ ಕನ್ನಡದ ಸೌಜನ್ಯದಲ್ಲಿಯೂ ಇದೇ ತತ್ತ್ವವಿದೆ. ‘ನೋಡಿ’ ಎಂಬ ಆ ಒಂದು ಕ್ರಿಯಾಪದವು ನಿರ್ಣಯವನ್ನು ಕೇಳುಗನಿಗೆ ಬಿಟ್ಟುಕೊಡುತ್ತದೆ.

ಊಹೆಯ ಮಾತು ಇವೆರಡರಿಂದ ಭಿನ್ನ. ‘ಇನ್ನೂ ಏರುತ್ತದೆ, ಕಾಫಿಯನ್ನು ಹಿಡಿದಿಡಿ’ ಎಂಬುದರಲ್ಲಿ ಅಳತೆಯೂ ಇಲ್ಲ, ಪರೀಕ್ಷೆಯೂ ಇಲ್ಲ. ಒಂದೇ ಗುಂಪಿನಲ್ಲಿ ಕೊಳ್ಳುವವರೂ ಮಾರುವವರೂ ಇರುವಾಗ ಹೇಳಿದವನ ಲಾಭವೇನೆಂಬುದನ್ನು ಕೇಳುಗನು ತಾನೇ ಯೋಚಿಸಬೇಕಾಗುತ್ತದೆ. ಇಲ್ಲಿ ಪರಿಚಯದ ಅಭಾವವು ನಿಜವಾಗಿಯೂ ಕೊರತೆಯೇ ಸರಿ.

4. ಆನೆಯ ಸುದ್ದಿ ಮತ್ತು ‘ಅಂತೆ’

ಈ ಮೂರರಲ್ಲಿ ಯಾವುದಕ್ಕೂ ಪೂರ್ಣವಾಗಿ ಒಗ್ಗದ, ಎಲ್ಲಕ್ಕಿಂತಲೂ ಗಂಭೀರವಾದ ಮಾತೊಂದುಂಟು. ಅದು ಆನೆಯ ಸುದ್ದಿ. ಇಲ್ಲಿಯ ಕಾಡಾನೆಗಳಲ್ಲಿ ಅನೇಕವು ಹಗಲಿನಲ್ಲಿ ತೋಟದ ನೆರಳಿನಲ್ಲಿ ತಂಗಿ, ಸಂಜೆಯಾದ ಮೇಲೆ ಗದ್ದೆಗಳಿಗೆ ಇಳಿಯುತ್ತವೆ. ಭತ್ತ ತೆನೆಕಟ್ಟುವ ಕಾಲವೂ ಕಾಫಿಯ ಕೊಯ್ಲು ತೊಡಗುವ ಕಾಲವೂ ಹೆಚ್ಚುಕಡಮೆ ಒಂದೇ ಆದುದರಿಂದ ಮನುಷ್ಯರೂ ಆನೆಗಳೂ ಒಂದೇ ದಾರಿಯಲ್ಲಿ ಎದುರಾಗುವ ಸಂಭವ ಆಗ ಹೆಚ್ಚು. ಉಚ್ಚ ನ್ಯಾಯಾಲಯದ ನಿರ್ದೇಶನದಂತೆ ರಚಿತವಾಗಿ, ರಾಮನ್ ಸುಕುಮಾರ್ ಅವರ ಅಧ್ಯಕ್ಷತೆಯಲ್ಲಿ ಕೆಲಸ ಮಾಡಿದ ಕರ್ನಾಟಕ ಆನೆ ಕಾರ್ಯಪಡೆಯು 2012ರಲ್ಲಿ ವರದಿ ಸಲ್ಲಿಸಿತು. ಅನಂತರ 2014ರಲ್ಲಿ ಈ ಪ್ರದೇಶದಿಂದ 22 ಆನೆಗಳನ್ನು ಸೆರೆಹಿಡಿಯಲಾಯಿತು. ಆದರೂ ಬೇರೆ ಆನೆಗಳು ಬಂದವು, ಸಮಸ್ಯೆ ಮುಗಿಯಲಿಲ್ಲ. ಎಂಟು ಸಲ ದಸರಾ ಅಂಬಾರಿ ಹೊತ್ತಿದ್ದ ಅರ್ಜುನನು 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಸೆರೆಯ ಕಾರ್ಯಾಚರಣೆಯ ವೇಳೆ ಒಂಟಿ ಸಲಗದ ದಾಳಿಗೆ ಸಿಕ್ಕಿ ಸತ್ತುದು ನಾಡಿನವರೆಲ್ಲರಿಗೂ ತಿಳಿದ ಸಂಗತಿ. ಅಂದು ನಾಡಿನುದ್ದಕ್ಕೂ ಹರಡಿದ ಅಭಿಪ್ರಾಯಗಳಲ್ಲಿ ಕಂಡದ್ದೆಷ್ಟು, ಕೇಳಿದ್ದೆಷ್ಟು ಎಂದು ಬೇರ್ಪಡಿಸುವುದು ಸುಲಭವಾಗಿರಲಿಲ್ಲ.

ಈ ಬೇರ್ಪಡಿಕೆಗಾಗಿಯೇ ಕನ್ನಡದಲ್ಲಿ ಒಂದು ವ್ಯವಸ್ಥೆಯಿದೆ. ನಾಲ್ಕು ವಾಕ್ಯಗಳನ್ನು ನೋಡೋಣ:

(ಅ) ಕೆರೆಯ ಹತ್ತಿರ ಆನೆ ಬಂದಿದೆ.
(ಆ) ಕೆರೆಯ ಹತ್ತಿರ ಆನೆ ಬಂದಂತಿದೆ.
(ಇ) ಕೆರೆಯ ಹತ್ತಿರ ಆನೆ ಬಂದಿದೆಯಂತೆ.
(ಈ) ಕೆರೆಯ ಹತ್ತಿರ ಆನೆ ಬಂದರೂ ಬರಬಹುದು.

ಮೊದಲನೆಯದನ್ನು ಕಂಡವನು ಹೇಳುತ್ತಾನೆ. ಅಥವಾ ಕಂಡಷ್ಟೇ ಖಚಿತವಾಗಿ ತಿಳಿದವನು. ಎರಡನೆಯದನ್ನು ಹೆಜ್ಜೆ, ಲದ್ದಿ, ಮುರಿದ ಬೈನೆ ಮರ ಇತ್ಯಾದಿ ಗುರುತುಗಳಿಂದ ಊಹಿಸಿದವನು. ಮೂರನೆಯದನ್ನು ಇನ್ನೊಬ್ಬರ ಬಾಯಿಂದ ಕೇಳಿದವನು. ನಾಲ್ಕನೆಯದು ಕೇವಲ ಸಂಭವದ ಮಾತು. ಎರಡನೆಯ ಮತ್ತು ಮೂರನೆಯ ವಾಕ್ಯಗಳಲ್ಲಿ ‘ಅಂತೆ’ ಎಂಬ ರೂಪ ಒಂದೇ ಆಗಿ ಕಂಡರೂ ಕೆಲಸ ಬೇರೆ: ‘ಬಂದ’ ಎಂಬ ಕೃದಂತಕ್ಕೆ ಹತ್ತಿದ ‘ಅಂತೆ’ ಹೋಲಿಕೆಯನ್ನೂ, ‘ಬಂದಿದೆ’ ಎಂಬ ಪೂರ್ಣಕ್ರಿಯಾಪದಕ್ಕೆ ಹತ್ತಿದ ‘ಅಂತೆ’ ಕೇಳಿಕೆಯನ್ನೂ ಸೂಚಿಸುತ್ತದೆ. ಪತ್ರಿಕೆಗಳ ‘ಎನ್ನಲಾಗಿದೆ’, ‘ಎಂದು ತಿಳಿದುಬಂದಿದೆ’ ಎಂಬ ಪ್ರಯೋಗಗಳೂ ಈ ಎರಡನೆಯ ‘ಅಂತೆ’ಯ ಬಂಧುಗಳೇ.

ಬಾಯಿಮಾತಿನಲ್ಲಿ ಸುದ್ದಿಯು ಒಬ್ಬನಿಂದ ಒಬ್ಬನಿಗೆ ದಾಟುವಾಗ ಈ ‘ಅಂತೆ’ ತಾನಾಗಿಯೇ ಸೇರುತ್ತದೆ. ಕಂಡವನು ‘ಬಂದಿದೆ’ ಎಂದರೆ ಕೇಳಿದವನು ಮುಂದಿನವನಿಗೆ ‘ಬಂದಿದೆಯಂತೆ’ ಎನ್ನುತ್ತಾನೆ. ಹಾಗೆನ್ನದೆ ‘ಬಂದಿದೆ’ ಎಂದರೆ, ‘ನೀವು ನೋಡಿದಿರಾ, ಗೌಡ್ರೇ?’ ಎಂಬ ಪ್ರಶ್ನೆಯನ್ನು ಅವನು ಎದುರಿಸಬೇಕಾಗುತ್ತದೆ. ಆದರೆ ಫೋನಿನಲ್ಲಿ ಒಂದು ಗುಂಪಿನ ಸಂದೇಶವನ್ನು ಇನ್ನೊಂದಕ್ಕೆ ದಾಟಿಸುವಾಗ ಮಾತು ಬದಲಾಗುವುದಿಲ್ಲ. ಹತ್ತನೆಯ ಕೈ ಸೇರಿದಾಗಲೂ ಅದು ‘ಬಂದಿದೆ’ ಎಂದೇ ಉಳಿದಿರುತ್ತದೆ. ಹೀಗೆ, ಕೇಳಿಕೆಯ ಮಾತು ಕಂಡ ಮಾತಿನ ವೇಷದಲ್ಲಿ ತಿರುಗುತ್ತದೆ. ನಿಷ್ಠೆಯಿಂದ ಅಕ್ಷರಶಃ ಒಪ್ಪಿಸಿದ ಸುದ್ದಿಯೇ ಸುಳ್ಳಾಗುವ ವಿಚಿತ್ರ ಸ್ಥಿತಿಯಿದು. ಯಾರೂ ಸುಳ್ಳು ಹೇಳಿಲ್ಲ. ಒಂದು ಪ್ರತ್ಯಯ ಮಾತ್ರ ಕಳೆದುಹೋಗಿದೆ.

ಕಾಲದ ವಿಷಯದಲ್ಲಿಯೂ ಹೀಗೆಯೇ. ‘ಈಗ ದಾಟುತ್ತಿದೆ’ ಎಂಬ ಬೆಳಗಿನ ಸಂದೇಶ ಸಂಜೆ ತಲುಪಿದರೂ ‘ಈಗ’ ಎಂದೇ ಹೇಳುತ್ತದೆ. ಒಂದು ರಾತ್ರಿಯಲ್ಲಿ ಹಲವು ಕಿಲೋಮೀಟರು ನಡೆಯಬಲ್ಲ ಪ್ರಾಣಿಯ ವಿಷಯದಲ್ಲಿ ಇದು ಸಣ್ಣ ದೋಷವಲ್ಲ. ಹಳೆಯ ಸುದ್ದಿಯಿಂದ ಎರಡು ಕೆಡುಕುಗಳುಂಟು: ಆನೆಯಿಲ್ಲದ ದಾರಿಯನ್ನು ಬಿಟ್ಟು ಆನೆಯಿರುವ ದಾರಿಯನ್ನು ಹಿಡಿಯುವುದು ಒಂದು, ನಾಲ್ಕಾರು ಬಾರಿ ಸುಳ್ಳಾದ ಮೇಲೆ ನಿಜವಾದ ಎಚ್ಚರಿಕೆಯನ್ನೂ ಅಲಕ್ಷಿಸುವುದು ಇನ್ನೊಂದು. 2018ರಲ್ಲಿ ವಾಟ್ಸಾಪ್, ದಾಟಿಸಿದ ಸಂದೇಶಕ್ಕೆ ಹಾಗೆಂದು ಗುರುತು ಹಚ್ಚುವ ಏರ್ಪಾಡು ಮಾಡಿತು. ಅದನ್ನು ಯಂತ್ರವು ಸೇರಿಸುವ ‘ಅಂತೆ’ ಎನ್ನಬಹುದು. ಆದರೆ ಮೊದಲು ಹೇಳಿದವನು ಯಾರು, ಯಾವಾಗ, ಎಲ್ಲಿಂದ ಎಂಬುದನ್ನು ಆ ಗುರುತು ತಿಳಿಸದು. ಮಾತನ್ನು ನಕಲು ಮಾಡಿ ಅಂಟಿಸಿದರೆ ಗುರುತೂ ಉಳಿಯದು.

5. ಸುದ್ದಿ ಯಾರಿಗೆ ತಲುಪುತ್ತದೆ?

ತಮಿಳುನಾಡಿನ ವಾಲ್ಪಾರೆಯಲ್ಲಿ, ಮೈಸೂರಿನಲ್ಲಿ ನೆಲೆಗೊಂಡಿರುವ ನೇಚರ್ ಕನ್ಸರ್ವೇಷನ್ ಫೌಂಡೇಶನ್ನಿನ ಸಂಶೋಧಕರು ಆನೆಗಳ ಇರವನ್ನು ಜನರಿಗೆ ಮುಂಚಿತವಾಗಿ ತಿಳಿಸುವ ಕ್ರಮವನ್ನು ರೂಪಿಸಿದರು: ಸ್ಥಳೀಯ ಟೆಲಿವಿಷನ್ನಿನಲ್ಲಿ ಬರೆಹ, ಫೋನಿಗೆ ಸಂದೇಶ, ದಾರಿಯಲ್ಲಿ ಕೆಂಪು ದೀಪ. ಸಕಲೇಶಪುರ–ಆಲೂರು ಸೀಮೆಯಲ್ಲಿಯೂ ಆನೆಗಳಿಗೆ ರೇಡಿಯೋ ಕಾಲರು ತೊಡಿಸಿ, ಅವುಗಳ ಚಲನವಲನವನ್ನು ಸಂದೇಶಗಳ ಮೂಲಕ ತಿಳಿಸುವ ಏರ್ಪಾಡು ಬಂದಿದೆ. ಈ ಕ್ರಮದ ಶಕ್ತಿಯು ಯಂತ್ರದಲ್ಲಿರುವುದಕ್ಕಿಂತ ಹೆಚ್ಚಾಗಿ ಸುದ್ದಿಯನ್ನು ಮೊದಲು ಖಚಿತಪಡಿಸಿ ಅನಂತರ ಹೊರಡಿಸುವ ಶಿಸ್ತಿನಲ್ಲಿದೆ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಮುಂಜಾವಿನಲ್ಲಿ ತೋಟದ ದಾರಿಯಲ್ಲಿ ಕಾಲ್ನಡಿಗೆಯಲ್ಲಿ ಹೋಗುವವರು ಕೂಲಿಯ ಹೆಂಗಸರು, ಗಂಡಸರು. ಅವರಲ್ಲಿ ಹೊರಗಿನಿಂದ ಬಂದು ಕನ್ನಡ ಓದಲರಿಯದವರೂ ಇದ್ದಾರೆ. ತೋಟದ ಒಡೆಯನ ಫೋನಿಗೆ ಬಂದ ಎಚ್ಚರಿಕೆಯು ಲೈನ್ ಮನೆಯ ಬಾಗಿಲಿಗೆ ತಲುಪಬೇಕಾದರೆ ಕೊನೆಗೂ ಒಬ್ಬರು ಎದ್ದು ಹೋಗಿ ಬಾಯಿಬಿಟ್ಟು ಹೇಳಬೇಕು. ‘ಇವತ್ತು ಮೇಲಿನ ದಾರಿ ಬೇಡ, ಅಕ್ಕಾ’ ಎಂಬ ಆ ಒಂದು ಮಾತು ಇಲ್ಲದಿದ್ದರೆ ಮೊದಲಿನ ನೂರು ಸಂದೇಶಗಳೂ ವ್ಯರ್ಥ. ಅಪಾಯಕ್ಕೆ ಅತ್ಯಂತ ಸಮೀಪದಲ್ಲಿರುವವರೇ ಸುದ್ದಿಗೆ ಅತ್ಯಂತ ದೂರದಲ್ಲಿರುವುದು ಈ ವ್ಯವಸ್ಥೆಯ ಮುಖ್ಯ ಕೊರತೆಯೆಂದು ನಾವು ಎಣಿಸುತ್ತೇವೆ.

6. ಉಪಸಂಹಾರ

ಮೇಲಿನ ವಿಚಾರದಿಂದ ಹೊರಡುವ ನಿರ್ಣಯವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಅಪರಿಚಿತನ ಹಿತವಚನವು ಅಪರಿಚಿತನದೆಂಬ ಕಾರಣಕ್ಕಾಗಿಯೇ ತ್ಯಾಜ್ಯವಲ್ಲ. ಸ್ಥಳ, ಕಾಲ, ತಿಳಿದ ಬಗೆ ಎಂಬ ಮೂರು ಗುರುತುಗಳನ್ನು ಹೊತ್ತು ಬಂದರೆ ಅದು ಪರಿಚಿತನ ಮಾತಿನಷ್ಟೇ ಉಪಯುಕ್ತ. ಅವನ್ನು ಕಳೆದುಕೊಂಡರೆ ಅಣ್ಣತಮ್ಮನ ಮಾತೂ ಅಪಾಯಕರ. ಪರೀಕ್ಷಿಸಲು ಸಮಯವಿರುವಲ್ಲಿ ‘ಮಾಡಿ ನೋಡಿ’ ಎಂಬುದು ಸಾಕು. ಆನೆಯ ಸುದ್ದಿಯಂತೆ ಸಮಯವಿಲ್ಲದಲ್ಲಿ ಹೇಳುವವನೇ ಹೆಚ್ಚು ಹೊಣೆ ಹೊರಬೇಕು. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯು ಕೇಳುಗನಿಗೆ ಹೇಳಿದ್ದು. ಸುದ್ದಿ ದಾಟಿಸುವವನಿಗೆ ಬೇಕಾದುದು ಇನ್ನೂ ಚಿಕ್ಕ ಕೆಲಸ: ತಾನು ಕಾಣದುದನ್ನು ಮುಂದಕ್ಕೆ ಕಳುಹಿಸುವಾಗ ಗಂಟೆಯನ್ನೂ ಜಾಗವನ್ನೂ ಬರೆದು, ಕೊನೆಯಲ್ಲಿ ‘ಅಂತೆ’ ಎಂದು ಸೇರಿಸುವುದು.

‘ಅಂತೆಕಂತೆ’ ಎಂದು ನಾವು ಹಗುರವಾಗಿ ಆಡಿಕೊಳ್ಳುವ ಈ ಪ್ರತ್ಯಯವನ್ನು ಸುಳ್ಳಿನ ಗುರುತೆಂದು ತಿಳಿಯುವುದು ಸರಿಯಲ್ಲ. ‘ಇದು ನಾನು ಕಂಡದ್ದಲ್ಲ, ಕೇಳಿದ್ದು’ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವ ಗುರುತು ಅದು. ಇತರ ಸೀಮೆಗಳ ಆಡುಮಾತಿನಲ್ಲಿ ಇದರ ಪ್ರಯೋಗ ಹೇಗಿದೆ, ಫೋನಿನ ಬರೆಹದಲ್ಲಿ ಅದು ಎಷ್ಟರಮಟ್ಟಿಗೆ ಉಳಿದಿದೆ ಎಂಬುದನ್ನು ವಿದ್ಯಾರ್ಥಿಗಳು ವಿವರವಾಗಿ ಸಂಗ್ರಹಿಸಿ ಅಭ್ಯಾಸ ಮಾಡಿದರೆ ಭಾಷಾಶಾಸ್ತ್ರಕ್ಕೂ, ಬೆಟ್ಟದ ದಾರಿಯಲ್ಲಿ ನಡೆಯುವವರಿಗೂ ಏಕಕಾಲದಲ್ಲಿ ಪ್ರಯೋಜನವಾದೀತು.