ಗಾಡಿಗೆ ಮೊದಲು ಏನು ಮಾಡಿಸಬೇಕು?

ಕಾಫಿ ಕುಯ್ಲು ಮುಗಿದು, ಅಡಿಕೆ ಮಂಡಿಗೆ ಹೋಗಿ, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ನಮ್ಮ ಸದಸ್ಯರಲ್ಲಿ ಅನೇಕರು ತೋಟದ ಜೀಪನ್ನೋ ಪಿಕಪ್ಪನ್ನೋ ಗ್ಯಾರೇಜಿಗೆ ಒಯ್ಯುತ್ತಾರೆ. ಹಣ ಒಂದು ಪಾಲಿದ್ದರೆ ಕೆಲಸ ಹತ್ತು ಪಾಲಿರುತ್ತದೆ. ದೊಡ್ಡ ಟೈರು ಹಾಕಿಸುವುದೇ, ಎಂಜಿನ್ ಬದಲಿಸುವುದೇ, ಮುಂದೆ ಒಂದು ವಿಂಚ್ ಕೂರಿಸುವುದೇ ಎಂದು ಸಂಘದ ಕಚೇರಿಗೆ ಬಂದಾಗ ಕೇಳುವವರಿದ್ದಾರೆ. ಎರಡು ಮೂರು ಎಕರೆಯ ಬೆಳೆಗಾರನಿಗೆ ಇದು ಸಣ್ಣ ಪ್ರಶ್ನೆಯಲ್ಲ. ಗಾಡಿಗೆ ಹಾಕಿದ ಹಣ ಗೊಬ್ಬರದ ಲೆಕ್ಕದಿಂದಲೇ ಬರಬೇಕು.

ಇದಕ್ಕೆ ಒಂದು ಸರಳ ಕ್ರಮವಿದೆ. ಗಾಡಿ ನಿಲ್ಲುವುದು ಮೊದಲು. ಹೇಳಿದ ಕಡೆಗೆ ತಿರುಗುವುದು ಎರಡನೆಯದು. ಕೆಡದೆ ಓಡುವುದು ಮೂರನೆಯದು. ಹೂತಾಗ ಹೊರಬರುವುದು ನಾಲ್ಕನೆಯದು. ನೋಡುವುದಕ್ಕೆ ಚೆನ್ನಾಗಿರುವುದು ಕೊನೆಗೆ, ಅದೂ ಹಣ ಮಿಕ್ಕಿದರೆ. ಈ ಕ್ರಮವನ್ನು ತಲೆಕೆಳಗು ಮಾಡಿದರೆ ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದ ಹಾಗೆ.

ಒಂದೇ ನದಿ, ಎರಡು ಮಣ್ಣು

ಯಾವ ಗಾಡಿಗೆ ಏನು ಬೇಕೆಂಬುದನ್ನು ನೆಲ ಹೇಳುತ್ತದೆ. ಕುರಿ ಗೊಬ್ಬರ ಮತ್ತು ಭತ್ತದ ಹುಲ್ಲಿನ ವಿಚಾರಣೆಗಾಗಿ ಸಂಘದ ಪರವಾಗಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಲ್ಲಿ ತಿರುಗಾಡಿದಾಗ ಈ ಮಾತು ನನಗೆ ಚೆನ್ನಾಗಿ ಮನದಟ್ಟಾಯಿತು. ನಮ್ಮ ಕಡೆ ಗಂಗಾಮೂಲದಲ್ಲಿ ಹುಟ್ಟುವ ತುಂಗೆಯೂ ಭದ್ರೆಯೂ ಕೂಡ್ಲಿಯಲ್ಲಿ ಸೇರಿ, ಹೊಸಪೇಟೆ ಮತ್ತು ಮುನಿರಾಬಾದಿನ ನಡುವಣ ಅಣೆಕಟ್ಟಿಗೆ ಬಂದು ನಿಂತು, ಎಡದಂಡೆ ಕಾಲುವೆಯಾಗಿ ಗಂಗಾವತಿಯ ಗದ್ದೆಗಳಿಗೆ ಹರಿಯುತ್ತವೆ. ನದಿ ಒಂದೇ ಆದರೂ ಮಳೆ ಬೇರೆ, ಮಣ್ಣು ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬಿದ್ದರೆ ಕೊಪ್ಪಳದ ಕಡೆ 600 ಮಿ.ಮೀ. ಆಸುಪಾಸು.

ನಮ್ಮಲ್ಲಿ ಕೆಮ್ಮಣ್ಣಿನ ಇಳಿಜಾರು, ಜಾರುವ ಕಲ್ಲು, ತೊರೆ. ಇಲ್ಲಿ ಗಾಡಿಗೆ ದೊಡ್ಡ ಪರೀಕ್ಷೆ ಇಳಿಯುವಾಗ. ಅಲ್ಲಿ ನೆಲ ಸಮ. ಪರೀಕ್ಷೆ ಇರುವುದು ಬಿಸಿಲು, ಧೂಳು ಮತ್ತು ಎರೆ ಮಣ್ಣಿನಲ್ಲಿ. ಎರೆ ಮಣ್ಣು ಒಣಗಿದಾಗ ಕಲ್ಲಿನಂತೆ ಬಿರಿದಿರುತ್ತದೆ, ನೆನೆದರೆ ಊದಿ ಅಂಟಾಗುತ್ತದೆ. ಯಲಬುರ್ಗಾ ಕಡೆಯ ಟ್ರ್ಯಾಕ್ಟರ್ ಚಾಲಕರೊಬ್ಬರು ನಮ್ಮ ಪಿಕಪ್ಪನ್ನು ಹೊಲಕ್ಕೆ ಇಳಿಸಗೊಡಲಿಲ್ಲ. “ಎರಿ ಹಸಿ ಐತ್ರೀ ಸರ, ಎರಡು ದಿನ ತಡೀರಿ. ಗಾಲಿಗೆ ಮಣ್ಣು ಮೆತ್ತಿದ ಮ್ಯಾಲ ಎರಡು ಗಾಲಿ ತಿರುಗಿದ್ರೂ ಅಷ್ಟ, ನಾಕು ತಿರುಗಿದ್ರೂ ಅಷ್ಟ” ಎಂದರು. ಟೈರಿನ ಹಲ್ಲುಗಳ ನಡುವೆ ಮಣ್ಣು ತುಂಬಿದರೆ ಹೊಸ ಟೈರೂ ಸವೆದ ಟೈರಿನಂತೆಯೇ ಜಾರುತ್ತದೆ. ಅಂಥಲ್ಲಿ ಕಾಯುವುದೇ ಅಗ್ಗದ ಉಪಾಯ. ಅದಕ್ಕೆ ಗ್ಯಾರೇಜಿನ ಬಿಲ್ಲು ಬರುವುದಿಲ್ಲ.

ಮೊದಲನೆಯದು ಬ್ರೇಕು

1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿಯವರು ಮುಂಬೈಯಲ್ಲಿ ವಿಲ್ಲಿಸ್ ಜೀಪನ್ನು ಜೋಡಿಸತೊಡಗಿದ ಮೇಲೆ ಆ ಗಾಡಿ ನಮ್ಮ ತೋಟಗಳ ಆಳಾಯಿತು. ಕಾಫಿ ಪೂಲ್ ಇದ್ದ ಕಾಲದಲ್ಲಿ ಚೀಲ ಹೊತ್ತದ್ದೂ ಅದೇ, ಮಕ್ಕಳನ್ನು ಶಾಲೆಗೆ ಬಿಟ್ಟದ್ದೂ ಅದೇ. ಇಂದಿಗೂ 30, 40 ವರ್ಷದ ಜೀಪುಗಳು ನಮ್ಮಲ್ಲಿ ದುಡಿಯುತ್ತಿವೆ. ಈ ಹಳೆಯ ಜೀಪುಗಳಲ್ಲಿ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಬಹಳ ಹಳೆಯವುಗಳಲ್ಲಿ ನಾಲ್ಕಕ್ಕೂ ಸೇರಿ ಒಂದೇ ಕೊಳವೆಯ ಸಾಲು. ಒಂದು ಕಡೆ ಸೋರಿದರೆ ನಾಲ್ಕು ಕಡೆಯೂ ಬ್ರೇಕು ಹೋಗುತ್ತದೆ.

ಆದ್ದರಿಂದ ಮೊದಲ ಹಣ ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್‌ಗಳ ರಬ್ಬರು, ರಬ್ಬರ್ ಹೋಸು, ಲೈನರ್ ಇವುಗಳಿಗೆ ಹೋಗಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಸೇರಿದ ಆಯಿಲು ದೀರ್ಘ ಇಳಿಜಾರಿನಲ್ಲಿ ಕಾದು ಕುದಿದರೆ ಪೆಡಲು ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಬದಲಿಸಬೇಕು. ತೊರೆ ದಾಟಿದ ಮೇಲೆ ಪೆಡಲನ್ನು ಮೆಲ್ಲಗೆ ಒತ್ತಿಕೊಂಡು ಸ್ವಲ್ಪ ದೂರ ಹೋದರೆ ಡ್ರಮ್ಮು ಒಣಗುತ್ತದೆ.

ಹಳೆಯ ಜೀಪಿನ ಹ್ಯಾಂಡ್ ಬ್ರೇಕು ಹಿಡಿಯುವುದು ಚಕ್ರವನ್ನಲ್ಲ, ಪ್ರೊಪೆಲ್ಲರ್ ಶಾಫ್ಟನ್ನು. ಹಿಂದಿನ ಒಂದು ಚಕ್ರವನ್ನು ಜ್ಯಾಕಿನಿಂದ ಎತ್ತಿದರೆ ಆ ಬ್ರೇಕು ಗಾಡಿಯನ್ನು ಹಿಡಿದು ನಿಲ್ಲಿಸಲಾರದು. ಟೈರು ಬಿಚ್ಚುವ ಮುಂಚೆ ಚಕ್ರಕ್ಕೆ ಕಲ್ಲು ಕೊಡುವುದನ್ನು ಆಳುಗಳಿಗೂ ಕಲಿಸಿರಬೇಕು.

ಖರ್ಚಿಲ್ಲದ ಬ್ರೇಕು ಇನ್ನೊಂದಿದೆ, ಅದು ಗೇರು. ಯಾವ ಗೇರಿನಲ್ಲಿ ಏರುತ್ತೇವೆಯೋ ಅದೇ ಗೇರಿನಲ್ಲಿ ಇಳಿಯಬೇಕು. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡಿ ಇಳಿಯುವುದು ಜೀವದ ಜೊತೆ ಚೌಕಾಸಿ ಮಾಡಿದಂತೆ.

ಎರಡನೆಯದು ಟೈರು ಮತ್ತು ಸ್ಟೀರಿಂಗು

ಟೈರಿನ ಹಲ್ಲು ಮಾತ್ರ ನೋಡಿದರೆ ಸಾಲದು, ವಯಸ್ಸನ್ನೂ ನೋಡಬೇಕು. ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ತೋಟದ ಗಾಡಿ ಓಡುವುದು ಕಡಿಮೆ, ನಿಲ್ಲುವುದು ಹೆಚ್ಚು. ಹಲ್ಲು ಉಳಿದಿದ್ದರೂ ಬಿಸಿಲಿಗೆ ರಬ್ಬರು ಬಿರಿದಿರುತ್ತದೆ.

ದೊಡ್ಡ ಟೈರಿನ ಆಸೆ ಹಲವರಿಗಿದೆ. ಲೆಕ್ಕ ಹಾಕಿ ನೋಡೋಣ. 28 ಅಂಗುಲದ ಟೈರಿನ ಜಾಗಕ್ಕೆ 31 ಅಂಗುಲದ್ದು ಹಾಕಿದರೆ ಸುತ್ತಳತೆ ನೂರಕ್ಕೆ ಸುಮಾರು 11 ಪಾಲು ಹೆಚ್ಚುತ್ತದೆ. ಏರಿನಲ್ಲಿ ಎಂಜಿನ್ನಿನ ಎಳೆತ ಅಷ್ಟು ಕುಗ್ಗುತ್ತದೆ, ಬ್ರೇಕಿಗೆ ಅಷ್ಟೇ ಭಾರ ಹೆಚ್ಚುತ್ತದೆ, ಮೀಟರು 40 ತೋರಿಸುವಾಗ ಗಾಡಿ 44ರಲ್ಲಿರುತ್ತದೆ. ಸ್ಟೀರಿಂಗ್ ಬಾಕ್ಸು, ಬೇರಿಂಗುಗಳು ಬೇಗ ಸವೆಯುತ್ತವೆ. ಕಂಪನಿ ಹೇಳಿದ ಅಳತೆಯಲ್ಲಿಯೇ ಆಳ ಹಲ್ಲಿನ ಟೈರು ಕೊಂಡರೆ ಮುಕ್ಕಾಲು ಪ್ರಯೋಜನ ಸಿಗುತ್ತದೆ, ಖರ್ಚು ಕಡಿಮೆ. ನಾಲ್ಕು ಚಕ್ರದ ಎಳೆತವಿರುವ ಗಾಡಿಗೆ ನಾಲ್ಕೂ ಒಂದೇ ಅಳತೆಯವಿರಲಿ. ಮುಂದೊಂದು ಹಿಂದೊಂದು ಅಳತೆ ಇದ್ದು ಫೋರ್ ವೀಲ್ ಹಾಕಿದರೆ ಗೇರುಗಳು ಒಂದರ ಮೇಲೊಂದು ಎಳೆದಾಡಿ ಮುರಿಯುತ್ತವೆ.

ಮಳೆಗಾಲದ ಕೆಸರಿಗೆ ನಮ್ಮ ಹಿರಿಯರು ಟೈರಿಗೆ ಚೈನು ಕಟ್ಟುತ್ತಿದ್ದರು. ಈಗಲೂ ಅದಕ್ಕಿಂತ ಅಗ್ಗದ ಸಾಧನ ಕಾಣೆ. ಎರಡು ಚೈನು ಹತ್ತು ಮಳೆಗಾಲ ಬಾಳುತ್ತವೆ. ಡಾಂಬರು ಸಿಕ್ಕ ಕೂಡಲೇ ಬಿಚ್ಚಬೇಕು, ಅಷ್ಟೆ. ಗಂಗಾವತಿಯ ಗದ್ದೆಗಳಲ್ಲಿ ಟ್ರ್ಯಾಕ್ಟರಿಗೆ ಕೇಜ್ ವೀಲ್ ಹಾಕುವುದೂ ಇದೇ ತತ್ವ. ಅದನ್ನು ಹಾಕಿಕೊಂಡೇ ರಸ್ತೆಗೆ ಇಳಿದರೆ ಡಾಂಬರು ಕಿತ್ತು ಊರಿಗೇ ನಷ್ಟ.

ಟೈರು ಸರಿಯಿದ್ದರೂ ಸ್ಟೀರಿಂಗು ಸಡಿಲವಿದ್ದರೆ ಫಲವಿಲ್ಲ. ಟೈ ರಾಡ್ ತುದಿಗಳು, ಕಿಂಗ್ ಪಿನ್ ಬೇರಿಂಗು, ಸ್ಪ್ರಿಂಗಿನ ಯು ಬೋಲ್ಟು, ಶ್ಯಾಕಲ್ ಬುಷ್ ಇವನ್ನು ವರ್ಷಕ್ಕೊಮ್ಮೆ ಅಲುಗಿಸಿ ನೋಡಬೇಕು. ಭಾರ ಹೊರಲೆಂದು ಸ್ಪ್ರಿಂಗಿಗೆ ಪ್ಲೇಟು ಸೇರಿಸುವವರಿದ್ದಾರೆ. ಪ್ಲೇಟು ಸೇರಿದರೂ ಬ್ರೇಕೂ ಆಕ್ಸಲ್ಲೂ ಹಳೆಯವೇ ಎಂಬುದನ್ನು ಮರೆಯಬಾರದು. ಬೋರ್ಡೋ ದ್ರಾವಣದ 200 ಲೀಟರಿನ ಡ್ರಮ್ಮು 200 ಕಿಲೋ ಮೀರುತ್ತದೆ. ಅರ್ಧ ತುಂಬಿದ ಡ್ರಮ್ಮು ತಿರುವಿನಲ್ಲಿ ಇನ್ನೂ ಅಪಾಯ, ನೀರು ಒಂದೇ ಕಡೆ ವಾಲಿ ಗಾಡಿಯನ್ನು ಎಳೆಯುತ್ತದೆ. ಡ್ರಮ್ಮು ಪೂರ್ತಿ ತುಂಬಿ, ಮುಚ್ಚಿ, ಕೆಳಮಟ್ಟದಲ್ಲಿ ಬಿಗಿದು ಕಟ್ಟಬೇಕು.

ಮೂರನೆಯದು ಕೆಡದೆ ಓಡುವುದು

ಕೊಪ್ಪಳದ ಕಡೆ ಬೇಸಗೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಅಲ್ಲಿಯವರ ಮೊದಲ ಕಾಳಜಿ ರೇಡಿಯೇಟರ್, ಫ್ಯಾನ್ ಬೆಲ್ಟು ಮತ್ತು ಏರ್ ಫಿಲ್ಟರ್. ಕುಯ್ಲಿನ ಕಾಲದ ಧೂಳಿನಲ್ಲಿ ನಮಗೂ ಅದು ಅನ್ವಯಿಸುತ್ತದೆ. ಹಳೆಯ ಎಂಜಿನ್ ದಮ್ಮು ಕಳೆದುಕೊಂಡಿದೆ ಎಂದು ಬದಲಿಸಲು ಹೊರಡುವ ಮುಂಚೆ ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಬದಲಿಸಿ, ನಾಜಲ್ ಪರೀಕ್ಷೆ ಮಾಡಿಸಿ ನೋಡಿ. ಅನೇಕ ವೇಳೆ ಕಾಯಿಲೆ ಅಲ್ಲಿಯೇ ಇರುತ್ತದೆ. ಬ್ಯಾಟರಿಯ ಟರ್ಮಿನಲ್, ಅರ್ತ್ ತಂತಿ, ಹಿಂದಿನ ದೀಪ ಇವಕ್ಕೆ ಆಗುವ ಖರ್ಚು ಅತ್ಯಲ್ಪ. ಟ್ರೈಲರ್ ಇರುವವರು ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಅಂಟಿಸಲೇಬೇಕು. ದೀಪವಿಲ್ಲದ ಟ್ರೈಲರ್ ರಾತ್ರಿ ರಸ್ತೆಯಲ್ಲಿ ಗೋಡೆಯಿದ್ದಂತೆ.

ನಾಲ್ಕನೆಯದು ಹೂತಾಗ ಹೊರಬರುವುದು

ಗಾಡಿಯಲ್ಲಿ ಒಂದು ಸನಿಕೆ, ಎರಡು ಗಟ್ಟಿ ಹಲಗೆ, ನಾಲ್ಕು ಗೋಣಿ ಚೀಲ, ಒಳ್ಳೆಯ ಹಗ್ಗ, ಗಾಳಿ ಪಂಪು ಇರಲಿ. ಕೆಸರಿನಲ್ಲಿ ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿದರೆ ಹಿಡಿತ ಹೆಚ್ಚುತ್ತದೆ, ರಸ್ತೆಗೆ ಬಂದೊಡನೆ ತುಂಬಬೇಕು. ಎಳೆಯುವಾಗ ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು. ತಂತಿ ಹಗ್ಗವಾದರೆ ನಡುವೆ ಒಂದು ಒದ್ದೆ ಗೋಣಿ ಹೊದಿಸಿದರೆ ಕಡಿದಾಗ ಚಿಮ್ಮುವುದು ತಗ್ಗುತ್ತದೆ. ಎಲೆಕ್ಟ್ರಿಕ್ ವಿಂಚಿನ ಬೆಲೆಗೆ ಒಂದು ಜೊತೆ ಟೈರು ಬರುತ್ತದೆ, ಅದು ಬೇಕಾಗುವುದು ವರ್ಷಕ್ಕೆ ಎರಡು ಸಲ. ಇದರ ಬಗ್ಗೆ ಕೊನೆಯಲ್ಲಿ ಒಂದು ಸಲಹೆಯಿದೆ.

ಕಾನೂನು ಮತ್ತು ಜೀವ

ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಅಂಥ ಒಂದೊಂದು ಬದಲಾವಣೆಗೂ 5,000 ರೂ. ದಂಡ, ಇಲ್ಲವೆ 6 ತಿಂಗಳವರೆಗೆ ಸೆರೆ, ಅಥವಾ ಎರಡೂ ಇವೆ. ಮುಂದೆ ಕಬ್ಬಿಣದ ಬುಲ್ ಬಾರ್ ಕಟ್ಟುವುದನ್ನು ತಡೆಯಬೇಕೆಂದು ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಬರೆಯಿತು. ಎಂಜಿನ್ ಬದಲಿಸುವುದಾದರೆ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ಅನುಮತಿ ಪಡೆದು, ಆರ್.ಸಿ.ಯಲ್ಲಿ ದಾಖಲಿಸಬೇಕು.

ಇದಕ್ಕಿಂತ ದೊಡ್ಡ ಮಾತು ಜನರನ್ನು ಸಾಗಿಸುವುದು. ಬಯಲುಸೀಮೆಯಿಂದ ಕುಯ್ಲಿಗೆ ಬರುವವರನ್ನೂ ನಮ್ಮ ಊರಿನ ಹೆಣ್ಣಾಳುಗಳನ್ನೂ ಪಿಕಪ್ಪಿನ ಹಿಂದೆ ಚೀಲಗಳ ಮೇಲೆ ಕೂರಿಸುವುದು ಅಭ್ಯಾಸವಾಗಿಬಿಟ್ಟಿದೆ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡವರ ಪರಿಹಾರಕ್ಕೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲಿಯೇ ಹೇಳಿದೆ. ಅಂದರೆ ಅಪಘಾತವಾದರೆ ತೋಟವೇ ಹೋಗಬಹುದು. 2025ರ ಜನವರಿಯಲ್ಲಿ ಯಲ್ಲಾಪುರದ ಅರಬೈಲು ಘಟ್ಟದಲ್ಲಿ ತರಕಾರಿ ಲಾರಿ ಕಣಿವೆಗೆ ಉರುಳಿ, ಅದರಲ್ಲಿ ಸರಕಿನೊಡನೆ ಸಂತೆಗೆ ಹೊರಟಿದ್ದ ಕನಿಷ್ಠ ಹತ್ತು ಮಂದಿ ವ್ಯಾಪಾರಿಗಳು ಸತ್ತರು. ಅವೇ ದಿನಗಳಲ್ಲಿ ಮಂತ್ರಾಲಯದಿಂದ ಗಂಗಾವತಿ ತಾಲ್ಲೂಕಿನ ಆನೆಗೊಂದಿಗೆ ಹೊರಟಿದ್ದ ವಾಹನವೊಂದು ಸಿಂಧನೂರಿನ ಬಳಿ ಉರುಳಿ, ಮೂವರು ವಿದ್ಯಾರ್ಥಿಗಳೂ ಚಾಲಕನೂ ತೀರಿಕೊಂಡರು. ಒಂದು ಘಟ್ಟದಲ್ಲಿ, ಇನ್ನೊಂದು ಬಯಲಿನಲ್ಲಿ. ಗಾಡಿ ಹತ್ತುವವರು ಅದರ ಬ್ರೇಕನ್ನಾಗಲಿ ಟೈರನ್ನಾಗಲಿ ನೋಡಿ ಹತ್ತುವುದಿಲ್ಲ, ಯಜಮಾನರನ್ನು ನಂಬಿ ಹತ್ತುತ್ತಾರೆ.

ನೂರು ರೂಪಾಯಿಯ ಹಂಚಿಕೆ

ಗಾಡಿಗೆಂದು ಇಟ್ಟ ಹಣವನ್ನು 100 ರೂಪಾಯಿ ಎಂದುಕೊಂಡರೆ ನನ್ನ ಸಲಹೆ ಹೀಗಿದೆ: ಬ್ರೇಕು ಮತ್ತು ಟೈರಿಗೆ 45, ಸ್ಟೀರಿಂಗ್ ಮತ್ತು ಸ್ಪ್ರಿಂಗಿಗೆ 20, ರೇಡಿಯೇಟರ್, ಫಿಲ್ಟರ್, ದೀಪಗಳಿಗೆ 15, ಹಗ್ಗ, ಚೈನು, ಸನಿಕೆಗೆ 5. ಉಳಿದ 15 ರೂಪಾಯಿಯನ್ನು ಮುಟ್ಟದೆ ಇಡಬೇಕು. ಗಾಡಿ ಕೆಡುವುದು ಕುಯ್ಲಿನ ನಡುವೆಯೇ, ಆಗ ಸಾಲದ ಬಡ್ಡಿ ಬಿಡಿಭಾಗಕ್ಕಿಂತ ದುಬಾರಿ.

ಇನ್ನು ಒಂಟಿಯಾಗಿ ಕೊಳ್ಳಲಾಗದ್ದನ್ನು ಒಟ್ಟಾಗಿ ಕೊಳ್ಳುವುದಕ್ಕೆಂದೇ ಸಂಘ ಇರುವುದು. ಕೈಯಿಂದ ಎಳೆಯುವ ಒಂದು ವಿಂಚ್, ಎರಡು ಜೊತೆ ಚೈನು, ಒಂದು ಭಾರಿ ಜ್ಯಾಕು ಇವನ್ನು ಸಂಘದ ಗೋದಾಮಿನಲ್ಲಿ ಇಟ್ಟು, ಸಣ್ಣ ಬಾಡಿಗೆಗೆ ಸದಸ್ಯರಿಗೆ ಕೊಡಬಹುದು. ಮಳೆ ಹಿಡಿಯುವ ಮುಂಚೆ ಒಂದು ದಿನ ಮೆಕ್ಯಾನಿಕ್ ಒಬ್ಬರನ್ನು ಕರೆಸಿ, ಬಂದ ಗಾಡಿಗಳ ಬ್ರೇಕು, ಸ್ಟೀರಿಂಗು ಪರೀಕ್ಷೆ ಮಾಡಿಸಿದರೆ ತಲೆಗೆ ಬೀಳುವ ಖರ್ಚು ಅಲ್ಪ. ಈ ಎರಡು ವಿಷಯಗಳನ್ನೂ ಬರುವ ಸಭೆಯ ಮುಂದೆ ಇಡಲಾಗುವುದು. ಸದಸ್ಯ ಬಾಂಧವರು ತಮ್ಮ ಗಾಡಿ ಯಾವುದು, ಎಷ್ಟು ಹಳೆಯದು, ಯಾವ ದಾರಿಯಲ್ಲಿ ಓಡುತ್ತದೆ ಎಂಬುದನ್ನು ಒಂದು ಕಾಗದದಲ್ಲಿ ಬರೆದು ಮುಂಚಿತವಾಗಿ ಕಚೇರಿಗೆ ತಲುಪಿಸಬೇಕಾಗಿ ವಿನಂತಿ.