ಪವಾಯಿಯಲ್ಲೊಬ್ಬ ತೋಟಗಾರರಿದ್ದರು

ಸಾಕಿನಾಕಾ, ತುಂಗ್ವಾ, ಪಾಸ್ಪೋಲಿ, ತಿರಂದಾಜ್. ಮುಂಬಯಿಯ ಪವಾಯಿ ಕಡೆ ದಿನಾ ಬಸ್ಸಿನಲ್ಲಿ ಓಡಾಡುವ ನಮಗೆ ಇವು ಇಳಿಯುವ, ಹತ್ತುವ ಜಾಗಗಳ ಹೆಸರು ಅಷ್ಟೆ. ಒಂದು ಕಾಲಕ್ಕೆ ಇವು ಒಂದೇ ಪವಾಯಿ ಎಸ್ಟೇಟಿನ ಹಳ್ಳಿಗಳಾಗಿದ್ದವು. ಈಸ್ಟ್ ಇಂಡಿಯಾ ಕಂಪನಿಯಿಂದ 1829ರಲ್ಲಿ ಆ ಎಸ್ಟೇಟನ್ನು ಗೇಣಿಗೆ ಪಡೆದವರು ಪಾರ್ಸಿ ವ್ಯಾಪಾರಿ ಫ್ರಾಮ್‌ಜಿ ಕಾವಸ್‌ಜಿ ಬಾನಾಜಿ.

ಅವರು ಹುಟ್ಟಿದ್ದು 1767ರಲ್ಲಿ. ಅಂದರೆ ಪವಾಯಿಯ ಮಣ್ಣಿಗೆ ಕೈಹಾಕಿದಾಗ ಅರವತ್ತು ದಾಟಿತ್ತು. ವ್ಯಾಪಾರದಲ್ಲಿ ಗಳಿಸಿದವರು ಆ ವಯಸ್ಸಿಗೆ ಮುಂಬಯಿ ಕೋಟೆಯೊಳಗಿನ ಮನೆಯಲ್ಲಿ ಲೆಕ್ಕಪುಸ್ತಕ ತಿರುವುತ್ತ ಕೂರಬಹುದಿತ್ತು. ಇವರು ಬಾವಿ ತೋಡಿಸಿದರು, ರಸ್ತೆ ಮಾಡಿಸಿದರು, ಕಬ್ಬು ಹಾಕಿದರು, ನೀಲಿ ಬೆಳೆದರು, ರೇಷ್ಮೆಗೆಂದು ಹಿಪ್ಪುನೇರಳೆ ನೆಟ್ಟರು. ಮರುವರ್ಷವೇ, 1830ರಲ್ಲಿ, ಮುಂಬಯಿಯ ಗವರ್ನರ್ ಜಾನ್ ಮಾಲ್ಕಮ್ ಬಂದು ನೋಡಿದಾಗ ಕಬ್ಬಿನ ಗಾಣ ತಿರುಗುತ್ತಿತ್ತು. ಮಾಲ್ಕಮ್ ಮನಸಾರೆ ಮೆಚ್ಚಿ ಬರೆದಿಟ್ಟಿದ್ದಾರೆ.

ಆದರೆ ನನ್ನ ಮನಸ್ಸು ನಿಲ್ಲುವುದು ಆ ತೋಟದ ಮಾವಿನ ಹತ್ತಿರ. ಕಬ್ಬು ವರ್ಷದ ಆಸುಪಾಸಿನಲ್ಲಿ ಕೈಗೆ ಬರುತ್ತದೆ. ಮಾವು ಹಾಗಲ್ಲ, ಕಸಿ ಗಿಡವೂ ನಾಲ್ಕೈದು ವರ್ಷ ಕಾಯಿಸುತ್ತದೆ, ಗೊರಟೆಯ ಗಿಡವಂತೂ ಇನ್ನೂ ಹೆಚ್ಚು. ನಮ್ಮ ಕರಾವಳಿಯ ಹಿರಿಯರು ಗುಡ್ಡೆಯ ಬದಿಯಲ್ಲಿ ಗಿಡ ನೆಡುವಾಗ ಹಣ್ಣು ಯಾರ ಪಾಲಿಗೆ ಎಂದು ಕೇಳಿದವರಲ್ಲ. ಫ್ರಾಮ್‌ಜಿಯವರನ್ನು ನಾನು ಆ ಸಾಲಿನಲ್ಲೇ ನಿಲ್ಲಿಸುತ್ತೇನೆ.

1838ರ ಮೇ ತಿಂಗಳಲ್ಲಿ ಅವರು ವಿಕ್ಟೋರಿಯಾ ರಾಣಿಗೆ ಪೆಟ್ಟಿಗೆ ತುಂಬ ಮಾವಿನಹಣ್ಣು ಕಳುಹಿಸಿದರು. ರಾಣಿ ಪಟ್ಟಕ್ಕೆ ಬಂದು ಒಂದು ವರ್ಷವೂ ತುಂಬಿರಲಿಲ್ಲ. ಸೂಯೆಜ್ ಕಾಲುವೆ ಆಗಿನ್ನೂ ಇರಲಿಲ್ಲ, ಅದು ತೆರೆದದ್ದು 1869ರಲ್ಲಿ. ಆಗಿನ ದಾರಿಯೆಂದರೆ ಕೆಂಪು ಸಮುದ್ರದವರೆಗೆ ಉಗಿಹಡಗು, ಆಮೇಲೆ ಈಜಿಪ್ಟಿನ ಮರಳು ದಾಟಿ ಇನ್ನೊಂದು ಹಡಗು. ಮರದಿಂದ ಇಳಿಸಿದ ಮಾವು ವಾರ, ಹತ್ತು ದಿನಕ್ಕೆ ಹಣ್ಣಾಗಿ ಮೆತ್ತಗಾಗುತ್ತದೆಂದು ಬೆಳೆದವರಿಗೆ ಗೊತ್ತಿಲ್ಲದ ಮಾತೇ? ಗೊತ್ತಿದ್ದೂ ಕಳುಹಿಸಿದರು. ಅದರಲ್ಲಿ ನನಗೆ ಕಾಣುವುದು ರಾಜಭಕ್ತಿಗಿಂತ, ತನ್ನ ತೋಟದ ಹಣ್ಣು ಎಷ್ಟು ದೂರ ಹೋದೀತು ನೋಡೋಣ ಎಂಬ ಬೆಳೆಗಾರನ ಆಸೆ.

ಫ್ರಾಮ್‌ಜಿ 1851ರಲ್ಲಿ ತೀರಿಕೊಂಡರು. 1891ರ ಹೊತ್ತಿಗೆ ಪವಾಯಿ ಕಣಿವೆಯ ತೊರೆಗೆ ಅಡ್ಡಕಟ್ಟಿ ಕೆರೆ ಮಾಡಿದರು. ಮುಂಬಯಿಯ ದಾಹ ತೀರಿಸಲೆಂದು ಕಟ್ಟಿದ ಆ ಕೆರೆಯ ನೀರು ಕುಡಿಯಲು ಒಗ್ಗಲಿಲ್ಲ. 1958ರಲ್ಲಿ ಐಐಟಿ ಬಂತು, ಆಮೇಲೆ ಮುಗಿಲೆತ್ತರದ ಮನೆಗಳು.

ಅವರ ಹೆಸರಿನ ಸಭಾಭವನ ಇರುವುದು ದೂರದ ಧೋಬಿ ತಲಾವ್‌ನಲ್ಲಿ. ಪವಾಯಿಯಲ್ಲಿ ನಾನು ಫಲಕ ಹುಡುಕುವುದಿಲ್ಲ. ಮಾಘ ಮಾಸದಲ್ಲಿ ಕೆರೆಯ ಬದಿಗೆ ನಡೆಯುವಾಗ ಎಲ್ಲಾದರೂ ಮಾವಿನ ಹೂವಿನ ವಾಸನೆ ಬಂದರೆ, ಮರ ಯಾವ ಕಡೆಗಿದೆ ಎಂದು ನಿಂತು ನೋಡುತ್ತೇನೆ.