ಲೋಕಮತದ ಅಳತೆಯೂ ಭಾಷಾಂತರವೂ

ಲೋಕಮತವೆಂಬ ಶಬ್ದವು ಇಂದು ಸರ್ವತ್ರ ಪ್ರಯೋಗದಲ್ಲಿರುವುದು. ರಾಜ್ಯಭಾರವನ್ನು ನಡೆಸುವವರು ಅದರ ಹೆಸರಿನಲ್ಲಿ ಮಾತನಾಡುವರು. ಅವರನ್ನು ವಿರೋಧಿಸುವವರೂ ಅದರ ಹೆಸರನ್ನೇ ಹೇಳುವರು. ಆದರೆ ಲೋಕದ ಮತವು ಇಂತಹುದೆಂದು ತಿಳಿಯಲು ಪ್ರಮಾಣವಾವುದು ಎಂದು ಕೇಳಿದರೆ ಉತ್ತರವು ಸುಲಭವಲ್ಲ. ಯೂರೋಪು ಖಂಡದ ವಿದ್ವಾಂಸರು ಈ ಪ್ರಮಾಣವನ್ನು ಸಂಪಾದಿಸಲು ಎಂಟು ದಶಕಗಳಿಗೂ ಮೇಲ್ಪಟ್ಟು ಯತ್ನಿಸುತ್ತಿರುವರು. ಅವರ ಕಾರ್ಯದಲ್ಲಿ ಎರಡು ಭಾಗಗಳುಂಟು. ಯಾರನ್ನು ಕೇಳಬೇಕೆಂಬುದು ಮೊದಲನೆಯದು. ಇದು ಗಣಿತಕ್ಕೆ ಸೇರಿದುದು. ಯಾವ ಮಾತುಗಳಲ್ಲಿ ಕೇಳಬೇಕೆಂಬುದು ಎರಡನೆಯದು. ಇದು ಶಬ್ದಾರ್ಥವಿಚಾರಕ್ಕೆ ಸೇರಿದುದು. ಮೊದಲನೆಯದರ ನಿಯಮಗಳು ಬಹುಮಟ್ಟಿಗೆ ನಿಶ್ಚಿತವಾಗಿರುವುವು. ಎರಡನೆಯದು ಇನ್ನೂ ಕಷ್ಟಸಾಧ್ಯವಾಗಿಯೇ ಉಳಿದಿರುವುದು. ಆದುದರಿಂದ ಸಾಹಿತ್ಯದ ಅಧ್ಯಾಪಕರು ಇದನ್ನು ಕೇವಲ ಅಂಕಿಗಳ ವಿಷಯವೆಂದು ಬಿಟ್ಟುಬಿಡದೆ, ತಮಗೂ ಸಂಬಂಧಪಟ್ಟುದೆಂದು ಪರಿಶೀಲಿಸತಕ್ಕದ್ದು ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶವು.

ಮೊದಲು ಇತಿಹಾಸವನ್ನು ಸಂಕ್ಷೇಪವಾಗಿ ನೋಡುವೆವು. ಅಮೆರಿಕದಲ್ಲಿ ಜಾರ್ಜ್ ಗ್ಯಾಲಪ್ ಎಂಬವನು ಪ್ರಚಾರಕ್ಕೆ ತಂದ ಪದ್ಧತಿಯು ೧೯೩೭ರಲ್ಲಿ ಇಂಗ್ಲೆಂಡಿಗೂ, ೧೯೩೮ರಲ್ಲಿ ಫ್ರಾನ್ಸಿಗೂ ಬಂದಿತು. ಇಂಗ್ಲೆಂಡಿನಲ್ಲಿ ಹೆನ್ರಿ ಡ್ಯೂರಂಟನೂ, ಫ್ರಾನ್ಸಿನಲ್ಲಿ ಜಾನ್ ಸ್ಟೊಟ್ಸೆಲನೂ ಇದಕ್ಕೆ ಪ್ರವರ್ತಕರು. ೧೯೩೮ರ ಸೆಪ್ಟೆಂಬರಿನಲ್ಲಿ ಹಿಟ್ಲರನೊಡನೆ ಮ್ಯೂನಿಕ್ ಒಪ್ಪಂದವು ನಡೆದಾಗ ಫ್ರೆಂಚ್ ಪತ್ರಿಕೆಗಳಲ್ಲಿ ಬಹುಪಾಲು ಅದನ್ನು ಸ್ವಾಗತಿಸಿದುವು. ಪ್ರತಿನಿಧಿಸಭೆಯಲ್ಲಿ ವಿರೋಧವಾಗಿ ಮತ ಕೊಟ್ಟವರು ೭೫ ಮಂದಿ ಮಾತ್ರ. ಆದರೆ ಸ್ಟೊಟ್ಸೆಲನ ಸಂಸ್ಥೆಯು ಜನರನ್ನು ಕೇಳಿದಾಗ ನೂರಕ್ಕೆ ೫೭ ಮಂದಿ ಒಪ್ಪಿಗೆಯನ್ನೂ ೩೭ ಮಂದಿ ಅಸಮ್ಮತಿಯನ್ನೂ ಸೂಚಿಸಿದರು. ಸಭೆಯಲ್ಲಿಯೂ ಪತ್ರಿಕೆಗಳಲ್ಲಿಯೂ ಕಾಣಿಸದಿದ್ದ ಒಂದು ದೊಡ್ಡ ಭಿನ್ನಮತವು ಇದರಿಂದ ಬೆಳಕಿಗೆ ಬಂದಿತು. ೧೯೪೫ರ ಬ್ರಿಟಿಷ್ ಚುನಾವಣೆಯಲ್ಲಿ ಚರ್ಚಿಲ್ಲನ ಪಕ್ಷವೇ ಗೆಲ್ಲುವುದೆಂದು ಬಹುಜನರು ಭಾವಿಸಿದ್ದಾಗ, ಡ್ಯೂರಂಟನ ಅಳತೆಯು ಲೇಬರ್ ಪಕ್ಷವು ಮುಂದಿರುವುದೆಂದು ತೋರಿಸಿತು, ಹಾಗೆಯೇ ಆಯಿತು.

ಇವೆಲ್ಲ ಒಂದೊಂದು ದೇಶದೊಳಗಣ ಪ್ರಯತ್ನಗಳು. ಅನೇಕ ದೇಶಗಳಲ್ಲಿ ಏಕಪ್ರಕಾರವಾಗಿ ಪ್ರಶ್ನೆ ಕೇಳುವ ಪ್ರಯತ್ನಗಳಲ್ಲಿ ಮೂರು ಮುಖ್ಯವಾದುವು. ಮೊದಲನೆಯದು ಯುರೋಬಾರೋಮೀಟರ್. ಜಾಕ್ ರೆನೆ ರಾಬಿಯೆ ಎಂಬ ಫ್ರೆಂಚ್ ಅಧಿಕಾರಿಯ ಪ್ರಯತ್ನದಿಂದ ೧೯೭೪ರಲ್ಲಿ ಪ್ರಾರಂಭವಾದ ಇದನ್ನು ಯೂರೋಪಿಯನ್ ಕಮಿಷನ್ ನಡೆಸುತ್ತಿರುವುದು. ಸಾಮಾನ್ಯವಾಗಿ ಒಂದೊಂದು ದೇಶದಲ್ಲಿ ಸುಮಾರು ೧,೦೦೦ ಜನರನ್ನು ಕೇಳುವರು. ಎರಡನೆಯದು ೧೯೮೧ರಲ್ಲಿ ಮೊದಲಾಗಿ ಒಂಬತ್ತು ವರ್ಷಗಳಿಗೊಮ್ಮೆ ನಡೆದುಬಂದಿರುವ ಯೂರೋಪಿಯನ್ ವ್ಯಾಲ್ಯೂಸ್ ಸ್ಟಡಿ. ಧರ್ಮ, ಕುಟುಂಬ, ದುಡಿಮೆ, ರಾಜಕೀಯ ಇವುಗಳಲ್ಲಿ ಜನರು ಯಾವುದನ್ನು ಬೆಲೆಯುಳ್ಳದ್ದೆಂದು ಎಣಿಸುವರೆಂಬುದು ಅದರ ವಿಷಯ. ಮೂರನೆಯದು ಯೂರೋಪಿಯನ್ ಸೋಷಿಯಲ್ ಸರ್ವೇ. ರೋಜರ್ ಜೊವೆಲ್ ಎಂಬ ಬ್ರಿಟಿಷ್ ವಿದ್ವಾಂಸನ ನೇತೃತ್ವದಲ್ಲಿ ೨೦೦೨ರಲ್ಲಿ ೨೨ ದೇಶಗಳೊಡನೆ ಆರಂಭವಾದ ಇದು ಎರಡು ವರ್ಷಗಳಿಗೊಮ್ಮೆ ನಡೆಯತಕ್ಕದ್ದು. ಇದರ ನಿಯಮಗಳು ಅತ್ಯಂತ ಬಿಗಿಯಾದುವು; ಆದುದರಿಂದ ಮುಂದಿನ ವಿಚಾರಕ್ಕೆ ಇದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುವೆನು.

ಕೋಟ್ಯಂತರ ಜನರ ಮನಸ್ಸನ್ನು ಸಾವಿರ ಜನರಿಂದ ತಿಳಿಯುವುದು ಹೇಗೆ ಎಂಬ ಶಂಕೆಯು ಸಹಜವಾದುದೇ. ನಮ್ಮ ಶಾಸ್ತ್ರಕಾರರು ಸ್ಥಾಲೀಪುಲಾಕನ್ಯಾಯವೆಂದು ಹೇಳುವುದು ಇಲ್ಲಿಗೆ ಸರಿಯಾಗಿ ಹೊಂದುವುದು. ಪಾತ್ರೆಯ ಅನ್ನವು ಬೆಂದಿದೆಯೇ ಎಂದು ನೋಡಲು ಒಂದೆರಡು ಅಗುಳುಗಳನ್ನು ಹಿಸುಕಿದರೆ ಸಾಕು. ಆದರೆ ಅನ್ನವನ್ನು ಚೆನ್ನಾಗಿ ತಿರುವಿರಬೇಕೆಂಬುದು ಈ ನ್ಯಾಯದಲ್ಲಿ ಅಡಗಿರುವ ನಿಬಂಧನೆ. ತಳದಲ್ಲಿ ಬೆಂದು ಮೇಲೆ ಬೇಯದಿದ್ದರೆ ಮೇಲಿನ ಅಗುಳು ಸುಳ್ಳು ಹೇಳುವುದು. ೧೯೩೬ರ ಅಮೆರಿಕದ ಅಧ್ಯಕ್ಷಪದವಿಯ ಚುನಾವಣೆಯಲ್ಲಿ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆಯು ಒಂದು ಕೋಟಿ ಕಾರ್ಡುಗಳನ್ನು ಕಳುಹಿಸಿ, ಇಪ್ಪತ್ತು ಲಕ್ಷಕ್ಕೂ ಮೇಲ್ಪಟ್ಟು ಉತ್ತರಗಳನ್ನು ಪಡೆದು, ಲ್ಯಾಂಡನ್ ಗೆಲ್ಲುವನೆಂದು ಸಾರಿತು. ಗೆದ್ದವನು ರೂಸ್‌ವೆಲ್ಟ್. ಟೆಲಿಫೋನು ಮತ್ತು ಮೋಟಾರುಗಾಡಿ ಉಳ್ಳವರ ಪಟ್ಟಿಗಳಿಂದ ಬಹುವಾಗಿ ಹೆಸರುಗಳನ್ನು ತೆಗೆದುದೂ, ಇಷ್ಟವಿದ್ದವರು ಮಾತ್ರ ಉತ್ತರ ಬರೆದುದೂ ಈ ಪ್ರಮಾದಕ್ಕೆ ಕಾರಣವಾದುವು. ಸಂಖ್ಯೆಯು ದೊಡ್ಡದಾದ ಮಾತ್ರಕ್ಕೆ ಪ್ರಾಮಾಣ್ಯವು ಬಾರದು.

ಪ್ರತಿಯೊಬ್ಬ ನಿವಾಸಿಗೂ ಆಯ್ಕೆಯಾಗುವ ಅವಕಾಶವು ಎಷ್ಟೆಂಬುದು ಮೊದಲೇ ತಿಳಿದಿರುವಂತೆ, ಚೀಟಿ ಎತ್ತುವ ರೀತಿಯಲ್ಲಿ ಆರಿಸಿದರೆ ಮಾತ್ರ ಅನ್ನವನ್ನು ತಿರುವಿದಂತಾಗುವುದು. ಹಾಗೆ ಆರಿಸಿದ ೧,೫೦೦ ಮಂದಿಯ ಉತ್ತರವು, ನೂರರಲ್ಲಿ ೯೫ ಪ್ರಸಂಗಗಳಲ್ಲಿ, ದೇಶದ ನಿಜಸ್ಥಿತಿಯಿಂದ ನೂರಕ್ಕೆ ಸುಮಾರು ಎರಡೂವರೆ ಅಂಶಕ್ಕಿಂತ ಹೆಚ್ಚಾಗಿ ಆಚೀಚೆ ಹೋಗದು. ಎಂಟು ಕೋಟಿ ಜನರಿರುವ ಜರ್ಮನಿಗೂ ಹದಿಮೂರು ಲಕ್ಷ ಜನರಿರುವ ಎಸ್ಟೋನಿಯಕ್ಕೂ ಈ ಲೆಕ್ಕವು ಒಂದೇ. ಆದುದರಿಂದಲೇ ಸೋಷಿಯಲ್ ಸರ್ವೇಯವರು ೧೫ ವರ್ಷಕ್ಕೆ ಮೇಲ್ಪಟ್ಟ ಎಲ್ಲ ನಿವಾಸಿಗಳನ್ನೂ, ಅವರು ಆ ದೇಶದ ಪ್ರಜೆಗಳಾಗಲಿ ಆಗದಿರಲಿ, ಆಯ್ಕೆಗೆ ಒಳಪಡಿಸುವರು. ಆರಿಸಲ್ಪಟ್ಟವನು ಮನೆಯಲ್ಲಿಲ್ಲದಿದ್ದರೆ ನೆರೆಮನೆಯವನನ್ನು ಕೇಳಲು ಅನುಮತಿಯಿಲ್ಲ. ಬೇರೆ ಬೇರೆ ಹೊತ್ತಿನಲ್ಲಿ ಕಡಮೆಯೆಂದರೆ ನಾಲ್ಕು ಸಾರಿ ಹೋಗಿ ನೋಡಬೇಕೆಂಬುದು ಮನೆಮನೆಗೆ ಹೋಗಿ ಕೇಳುವ ಕ್ರಮದ ನಿಯಮವು. ಇಷ್ಟಾದರೂ ನೂರಕ್ಕೆ ೭೦ ಮಂದಿಯಾದರೂ ಉತ್ತರ ಕೊಡಬೇಕೆಂಬ ಗುರಿಯು ಎಲ್ಲೆಡೆಯೂ ಸಿದ್ಧಿಸಲಿಲ್ಲ. ಮೊದಲನೆಯ ಆವೃತ್ತಿಯಲ್ಲಿ ಗ್ರೀಸಿನಲ್ಲಿ ನೂರಕ್ಕೆ ಸುಮಾರು ೮೦ ಮಂದಿ ಉತ್ತರವಿತ್ತರೆ, ಸ್ವಿಟ್ಜರ್ಲೆಂಡಿನಲ್ಲಿ ಮೂರನೆಯ ಒಂದು ಪಾಲು ಮಾತ್ರ ಉತ್ತರವಿತ್ತರು. ಗಣಿತದ ಭಾಗದಲ್ಲಿ ಉಳಿದಿರುವ ಮುಖ್ಯ ಸಂದೇಹವು ಇದೇ.

ಆಯ್ಕೆಯು ನಿರ್ದುಷ್ಟವಾಯಿತೆಂದೇ ಇಟ್ಟುಕೊಳ್ಳೋಣ. ಆಗ ಎರಡನೆಯ ಭಾಗವು ಎದುರಿಗೆ ಬಂದು ನಿಲ್ಲುವುದು. ನಾರ್ವೆಯವನೂ ಪೋರ್ಚುಗಲ್ಲಿನವನೂ ಉತ್ತರವಿತ್ತುದು ಒಂದೇ ಪ್ರಶ್ನೆಗೆಯೇ? ಸರ್ವೇಯ ಮೂಲಪ್ರಶ್ನೆಗಳು ಬ್ರಿಟಿಷ್ ಇಂಗ್ಲಿಷಿನಲ್ಲಿ ರಚಿತವಾಗುವುವು. ಒಂದು ದೇಶದಲ್ಲಿ ನೂರಕ್ಕೆ ಐದು ಮಂದಿಯಾದರೂ ಮಾತೃಭಾಷೆಯಾಗಿ ಆಡುವ ಪ್ರತಿಯೊಂದು ಭಾಷೆಗೂ ಅವುಗಳನ್ನು ಪರಿವರ್ತಿಸಬೇಕೆಂಬುದು ವಿಧಿ. ಸ್ವಿಟ್ಜರ್ಲೆಂಡೆಂಬ ಒಂದೇ ದೇಶದಲ್ಲಿ ಜರ್ಮನ್, ಫ್ರೆಂಚ್, ಇಟಾಲಿಯನ್ ಎಂಬ ಮೂರು ಭಾಷೆಗಳಲ್ಲಿ ಪ್ರಶ್ನೆ ಕೇಳಬೇಕಾಗುವುದು.

ಉದಾಹರಣೆಗೆ, ನೀವು ಎಷ್ಟು ಸುಖಿಗಳು ಎಂದು ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿಸುವ ಪ್ರಶ್ನೆಯೊಂದುಂಟು. ಇಂಗ್ಲಿಷಿನ ಆ ಪದಕ್ಕೆ ಜರ್ಮನಿನಲ್ಲಿ ಸಲ್ಲುವ ‘ಗ್ಲ್ಯುಕ್ಲಿಶ್’ ಎಂಬುದು ಸುಖಿಯನ್ನೂ ಅದೃಷ್ಟಶಾಲಿಯನ್ನೂ ಬೋಧಿಸುವುದು. ಇಂಗ್ಲಿಷಿನಲ್ಲಿ ‘ಟ್ರಸ್ಟ್’ ಎಂದೂ ‘ಕಾನ್ಫಿಡೆನ್ಸ್’ ಎಂದೂ ಎರಡಾಗಿರುವುದಕ್ಕೆ ಫ್ರೆಂಚಿನಲ್ಲಿ ‘ಕೋಂಫಿಯಾನ್ಸ್’ ಎಂಬ ಒಂದೇ ಪದವುಂಟು. ಕನ್ನಡದಲ್ಲಿಯೂ ನಂಬಿಕೆಯೆಂದರೆ ದೇವರಲ್ಲಿಯ ಶ್ರದ್ಧೆಯೂ ಆಗಬಹುದು. ವಿಶ್ವಾಸವೆಂದರೆ ಪ್ರೀತಿಯೂ ಆಗಬಹುದು.

ರಾಜಕೀಯದಲ್ಲಿ ತೀವ್ರವಾದ ವಿವಾದಕ್ಕೆ ಗುರಿಯಾಗಿರುವ ವಲಸೆಯ ಪ್ರಶ್ನೆಯನ್ನು ನೋಡಿರಿ. ಯೂರೋಪಿನ ಹೊರಗಣ ಬಡದೇಶಗಳವರನ್ನು ಒಳಗೆ ಬಿಡುವ ವಿಷಯದಲ್ಲಿ ನಾಲ್ಕು ಉತ್ತರಗಳುಂಟು: ಬಹಳ ಮಂದಿಯನ್ನು, ಕೆಲವರನ್ನು, ಕೆಲವರನ್ನೇ, ಯಾರನ್ನೂ ಇಲ್ಲ. ನಡುವಣ ಎರಡಕ್ಕೆ ಇಂಗ್ಲಿಷಿನಲ್ಲಿ ಬೇರೆ ಬೇರೆ ಪದಗಳಿರುವುವು. ಕನ್ನಡದಲ್ಲಿ ಆ ಭೇದವನ್ನು ತೋರಿಸುವುದು ಒಂದು ಏಕಾರ ಮಾತ್ರ. ಯಾವ ಭಾಷೆಯಲ್ಲಿ ಈ ಭೇದವು ಮಾಸಿಹೋಗುವುದೋ ಅಲ್ಲಿ ಉದಾರರೂ ಬಿಗಿಮುಷ್ಟಿಯವರೂ ಒಂದೇ ರಾಶಿಗೆ ಬೀಳುವರು. ಮಂತ್ರಿಗಳೂ ಪಕ್ಷಗಳೂ ಆ ರಾಶಿಯನ್ನು ತೋರಿಸಿ ಜನರ ಇಚ್ಛೆಯಿದೆಂದು ಸಾರುವಾಗ, ಅನ್ಯದೇಶದಿಂದ ಬಂದವನ ಬಾಳು ಒಂದು ಅವಧಾರಣಾರ್ಥಕ ಅವ್ಯಯವನ್ನು ಅವಲಂಬಿಸಿದಂತಾಗುವುದು.

ಭಾಷಾಂತರವನ್ನು ಪರೀಕ್ಷಿಸಲು ಬಹುಕಾಲದಿಂದ ಬಳಕೆಯಲ್ಲಿರುವ ಉಪಾಯವು ಪ್ರತಿಭಾಷಾಂತರವು. ಎಂದರೆ ಪರಿವರ್ತಿತವಾದುದನ್ನು ಇನ್ನೊಬ್ಬನಿಂದ ಮೂಲಭಾಷೆಗೆ ತಿರುಗಿಸಿ ಹೋಲಿಸುವುದು. ಇದರ ದೋಷವು ಸೂಕ್ಷ್ಮವಾದುದು. ಬಹುಮಟ್ಟಿಗೆ ಜನರನ್ನು ನಂಬಬಹುದೇ, ಅಥವಾ ಅವರೊಡನೆ ವ್ಯವಹರಿಸುವಾಗ ಎಷ್ಟು ಎಚ್ಚರವಾಗಿದ್ದರೂ ಸಾಲದೇ ಎಂಬುದು ಈ ಸಮೀಕ್ಷೆಗಳಲ್ಲಿ ಪ್ರಸಿದ್ಧವಾದ ಪ್ರಶ್ನೆ. ಇಂಗ್ಲಿಷಿನ ವಾಕ್ಯವನ್ನು ಪದಕ್ಕೆ ಪದವಿಟ್ಟು ಕನ್ನಡಿಸಿದರೆ ‘ಅತಿಯಾಗಿ ಎಚ್ಚರವಾಗಿರಲು ಆಗುವುದಿಲ್ಲ’ ಎಂದಾಗುವುದು. ಕೇಳಿದವನು ತದ್ವಿರುದ್ಧವಾದ ಅರ್ಥವನ್ನೇ ಗ್ರಹಿಸಬಹುದು. ಆದರೆ ಇದೇ ತಪ್ಪು ವಾಕ್ಯವನ್ನು ಪದಶಃ ಇಂಗ್ಲಿಷಿಗೆ ತಿರುಗಿಸಿದರೆ ಮೂಲದ ಮಾತುಗಳೇ ಬರುವುವು! ಪರೀಕ್ಷಕನು ಭಾಷಾಂತರವು ನಿರ್ದೋಷವೆಂದು ಮುದ್ರೆಯೊತ್ತುವನು. ‘ಎಷ್ಟು ಎಚ್ಚರವಾಗಿದ್ದರೂ ಸಾಲದು’ ಎಂದು ಸರಿಯಾಗಿ ಬರೆದವನ ವಾಕ್ಯವೇ ಮೂಲಕ್ಕಿಂತ ಭಿನ್ನವಾಗಿ ತೋರುವುದು. ಅಭಿಧೆಯನ್ನು ಮಾತ್ರ ಕಾಯುವ ಪರೀಕ್ಷೆಯು ತಾತ್ಪರ್ಯವನ್ನು ಕಾಯಲಾರದು.

ಆದುದರಿಂದ ಸೋಷಿಯಲ್ ಸರ್ವೇಯವರು ಜಾನೆಟ್ ಹಾರ್ಕ್‌ನೆಸ್ ಎಂಬ ವಿದುಷಿಯು ನಿರೂಪಿಸಿದ ಬೇರೊಂದು ಕ್ರಮವನ್ನು ಅನುಸರಿಸಿದರು. ಇಬ್ಬರು ಪರಸ್ಪರ ನೋಡದೆ ಸ್ವತಂತ್ರವಾಗಿ ಭಾಷಾಂತರ ಮಾಡುವರು. ಬಳಿಕ ಎರಡನ್ನೂ ಮುಂದಿಟ್ಟುಕೊಂಡು ಸಭೆಯಲ್ಲಿ ವಿಮರ್ಶಿಸುವರು. ಭೇದವು ಉಳಿದಲ್ಲಿ ವಿಷಯವನ್ನೂ ಭಾಷೆಯನ್ನೂ ಬಲ್ಲವನೊಬ್ಬನು ನಿರ್ಣಯಿಸುವನು. ಅನಂತರ ಸ್ವಲ್ಪ ಜನರಲ್ಲಿ ಪ್ರಯೋಗಿಸಿ ನೋಡುವರು. ಯಾವ ಕಾರಣದಿಂದ ಯಾವ ಪದವನ್ನು ಇಟ್ಟರೆಂಬುದನ್ನು ಬರೆದಿಡುವರು. ಒಂದೇ ಭಾಷೆಯನ್ನು ಆಡುವ ಜರ್ಮನಿ, ಆಸ್ಟ್ರಿಯ ಮೊದಲಾದ ದೇಶಗಳವರು ಪರಸ್ಪರ ಸಮಾಲೋಚಿಸುವರು. ಮೂಲಪ್ರಶ್ನೆಗಳಿಗೆ, ಇಲ್ಲಿ ಈ ಪದದ ವಿವಕ್ಷೆ ಇಂತಹುದೆಂದು ಅಡಿಟಿಪ್ಪಣಿಗಳೂ ಇರುವುವು. ಸೂತ್ರಕ್ಕೆ ಭಾಷ್ಯವಿಲ್ಲದೆ ಅರ್ಥನಿರ್ಣಯವಾಗದೆಂಬ ನಮ್ಮ ಪೂರ್ವಿಕರ ಅನುಭವವನ್ನು ಗಣಿತಜ್ಞರೂ ತಮ್ಮ ದಾರಿಯಿಂದಲೇ ಬಂದು ಮುಟ್ಟಿರುವರು.

ಇಲ್ಲಿಗೆ ಪೂರ್ವಪಕ್ಷವೊಂದುಂಟು. ಫ್ರಾನ್ಸಿನ ಪಿಯೆರ್ ಬೋರ್ದಿಯೂ ೧೯೭೦ರ ದಶಕದ ಆರಂಭದಲ್ಲಿ, ಲೋಕಮತವೆಂಬ ವಸ್ತುವೇ ಇಲ್ಲವೆಂದು ವಾದಿಸಿದನು. ಪ್ರತಿಯೊಬ್ಬನಿಗೂ ಪ್ರತಿಯೊಂದು ವಿಷಯದಲ್ಲಿಯೂ ಅಭಿಪ್ರಾಯವಿರುವುದು, ಎಲ್ಲ ಅಭಿಪ್ರಾಯಗಳಿಗೂ ತೂಕವು ಸಮಾನ, ಕೇಳತಕ್ಕ ಪ್ರಶ್ನೆಗಳು ಯಾವುವೆಂಬುದರಲ್ಲಿ ಎಲ್ಲರಿಗೂ ಐಕಮತ್ಯವುಂಟು ಎಂಬ ಮೂರನ್ನು ಅಳೆಯುವವರು ವಿಚಾರಿಸದೆ ಒಪ್ಪಿಕೊಂಡಿರುವರೆಂಬುದು ಅವನ ಆಕ್ಷೇಪಣೆ. ಯುರೋಬಾರೋಮೀಟರಿನ ವಿಷಯದಲ್ಲಿ, ಯೂರೋಪಿನ ಐಕ್ಯವನ್ನು ಬಯಸುವ ಸಂಸ್ಥೆಯೇ ಆ ಐಕ್ಯದ ಬಗ್ಗೆ ಜನರನ್ನು ಕೇಳುವುದು ಯುಕ್ತವೇ ಎಂದು ಬೇರೆ ಕೆಲವರು ಆಕ್ಷೇಪಿಸಿರುವರು. ಈ ಮಾತುಗಳಲ್ಲಿ ಹುರುಳಿಲ್ಲದೆ ಇಲ್ಲ.

ಸಿದ್ಧಾಂತವು ಹೀಗೆಂದು ತೋರುವುದು. ಅಳೆಯಲ್ಪಡುವುದು ಜನಮನವಲ್ಲ, ಇಂಥ ಮಾತಿಗೆ ಇಂಥ ಕಾಲದಲ್ಲಿ ಜನರು ಕೊಟ್ಟ ಉತ್ತರವು. ಅಷ್ಟನ್ನೇ ಹೇಳಿದರೆ ಅಳತೆಯು ಸತ್ಯವಾದುದು. ಅದಕ್ಕಿಂತ ಹೆಚ್ಚು ಹೇಳಿದರೆ ಅತಿವ್ಯಾಪ್ತಿ. ಇದರಿಂದ ಓದುಗರಿಗೆ ಉಪಯುಕ್ತವಾದ ಒಂದು ನಿಯಮವು ದೊರೆಯುವುದು. ಒಂದೇ ದೇಶದಲ್ಲಿ, ಒಂದೇ ಭಾಷೆಯಲ್ಲಿ, ಅದೇ ಮಾತುಗಳಿಂದ ವರ್ಷವರ್ಷವೂ ಕೇಳಿದಾಗ ಕಾಣುವ ಏರಿಳಿತವು ಹೆಚ್ಚು ವಿಶ್ವಾಸಾರ್ಹವು. ಪದದಲ್ಲಿ ದೋಷವಿದ್ದರೂ ಅದು ಪ್ರತಿಸಾರಿಯೂ ಸುಮಾರಾಗಿ ಸಮಾನವಾಗಿರುವುದು. ಎರಡು ಭಾಷೆಗಳ ನಡುವೆ ಕಾಣುವ ಸಣ್ಣ ವ್ಯತ್ಯಾಸವಾದರೋ ಜನರದೂ ಆಗಬಹುದು, ಪದಗಳದೂ ಆಗಬಹುದು. ಆದುದರಿಂದ ಎರಡು ದೇಶಗಳನ್ನು ಹೋಲಿಸುವ ಕೋಷ್ಟಕವನ್ನು ಕಂಡಾಗ, ಅಂಕಿಯನ್ನು ಒಪ್ಪುವುದಕ್ಕೆ ಮುಂಚೆ ಪ್ರಶ್ನೆಯ ಪಾಠವನ್ನು ಎರಡು ಭಾಷೆಗಳಲ್ಲಿಯೂ ನೋಡಬೇಕು. ಸೋಷಿಯಲ್ ಸರ್ವೇಯ ಪ್ರಶ್ನಪತ್ರಗಳೂ ಅಂಕಿಗಳೂ ಯಾರಿಗಾದರೂ ಉಚಿತವಾಗಿ ದೊರೆಯುವುವು.

ಯೂರೋಪಿಯನ್ ವ್ಯಾಲ್ಯೂಸ್ ಸ್ಟಡಿಯಿಂದ ಬೆಳೆದ ವರ್ಲ್ಡ್ ವ್ಯಾಲ್ಯೂಸ್ ಸರ್ವೇಯಲ್ಲಿ ಭಾರತವೂ ೧೯೯೦ರಿಂದ ಸೇರಿರುವುದು. ಒಂದು ದೇಶದೊಳಗೆ ಇಷ್ಟು ಭಾಷೆಗಳಿರುವಲ್ಲಿ, ಯೂರೋಪಿನ ದೇಶದೇಶಗಳ ನಡುವೆ ಇರುವ ತೊಡಕು ನಮ್ಮ ಪ್ರಾಂತಪ್ರಾಂತಗಳ ನಡುವೆಯೇ ಬರತಕ್ಕದ್ದು. ಅಂಥ ಪ್ರಶ್ನೆಗಳನ್ನು ಕನ್ನಡಿಸುವಾಗ ಬೇಕಾಗುವ ವಿವೇಕವು ಗಣಿತಜ್ಞರಲ್ಲಿ ತಾನಾಗಿ ಹುಟ್ಟುವುದಲ್ಲ. ಶಬ್ದಗಳ ಶಕ್ತಿಯನ್ನೂ ತಾತ್ಪರ್ಯವನ್ನೂ ತರಗತಿಯಲ್ಲಿ ದಿನವೂ ವಿಚಾರಿಸುವ ಅಧ್ಯಾಪಕರಿಂದ ಅದು ಬರಬೇಕಾಗಿರುವುದು.